ಜಿನೀವಾಕ್ಕೆ ಹೋಗುವ ಮುನ್ನ ಬ್ಯಾಡಗಿಗೆ



ಹಾವೇರಿಯ ಕಾನೂನು ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಒಂದೇ: ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯಲ್ಲಿ ಇಂಟರ್ನ್‌ಷಿಪ್ ಸಿಕ್ಕೀತೆ? ಸಿಕ್ಕೀತು. ಆದರೆ ಸಂಬಳವಿಲ್ಲ; ವಿಮಾನ, ಊಟ, ಬಾಡಿಗೆ ಎಲ್ಲ ನಮ್ಮದೇ. 2015ರಲ್ಲಿ ನ್ಯೂಜಿಲೆಂಡಿನ ತರುಣನೊಬ್ಬ ಜಿನೀವಾದಲ್ಲಿ ಡೇರೆಯಲ್ಲಿ ಮಲಗಿ ವಿಶ್ವಸಂಸ್ಥೆಗೆ ದುಡಿದ ಸುದ್ದಿ ಲೋಕವೆಲ್ಲ ಓದಿತು. ಹಕ್ಕು ಕಾಯುವ ಮನೆಯಲ್ಲೇ ಕಾಯಕಕ್ಕೆ ಕೂಲಿ ಇಲ್ಲ! ಶರಣರು ಒಪ್ಪುವ ಮಾತಲ್ಲ ಇದು. ಹೀಗಾದರೆ ಉಳ್ಳವರ ಮಕ್ಕಳಷ್ಟೇ ಅಲ್ಲಿಗೆ ಹೋಗುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಭತ್ಯೆ ಕೊಡುತ್ತದೆ, ಅದನ್ನು ಮೆಚ್ಚಬೇಕು.

ಇನ್ನು ಆ ಸಂಸ್ಥೆಯವರು ಓದುವ ಕಡತ ಎಲ್ಲಿ ಹುಟ್ಟುತ್ತದೆ? ನಮ್ಮ ಓಣಿಯಲ್ಲಿ. ಬ್ಯಾಡಗಿಯಲ್ಲಿ ತಾಯಂದಿರು ಘಾಟಿನ ನಡುವೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಮನೆಗೆ ಹೋಗಿ ಮಗುವಿನ ಮುಖ ಮುಟ್ಟಲು ಹೆದರಬೇಕು, ಬೆರಳಿನ ಉರಿ ಅಂಥದ್ದು. ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವುದು ಎಳೆಯ ಬೆರಳುಗಳ ಕೆಲಸವಾಗಬಾರದು. ಬಾಲ ದುಡಿಮೆ ಕುರಿತ 138 ಮತ್ತು 182ನೇ ಒಡಂಬಡಿಕೆಗಳನ್ನು ಭಾರತ 2017ರಲ್ಲಿ ಒಪ್ಪಿದೆ. ವಿದ್ಯಾರ್ಥಿಯೊಬ್ಬಳು ಒಂದು ತಿಂಗಳು ಇಲ್ಲಿ ಕುಳಿತು ಕೂಲಿ, ಗಂಟೆ, ಶಾಲೆ ಬಿಟ್ಟ ಮಕ್ಕಳ ಲೆಕ್ಕ ಬರೆದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಪ್ಪಿಸಲಿ. ಜಿನೀವಾ ಆಮೇಲೆ.

ಅವಳ ಖರ್ಚು ಯಾರದು? ಧಾರವಾಡ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯದಲ್ಲಿ ಬಡ ಮಕ್ಕಳಿಗೆ ಉಣ್ಣಿಸಿ ಓದಿಸಿದರು. ಈ ಭತ್ಯೆಯೂ ದಾಸೋಹವೇ. ಜಾತಿ ಕೇಳದೆ, ವರ್ಷಕ್ಕೆ ಇಬ್ಬರಿಗೆ ಒಂದೊಂದು ಮಠ ಕೊಡಲಿ. ಜಾತ್ರೆಯ ಪಟಾಕಿಯ ಹಣದಿಂದಲೇ ಆರಂಭಿಸಬಹುದು, ಪೂಜ್ಯರು ಬೇಸರಿಸಬಾರದು.