ತೊಟ್ಟಿಕ್ಕುವ ಹೀಟರ್

ಫೋಕ್ಸ್‌ವ್ಯಾಗನ್ ಕಂಪನಿಯ ವ್ಯಾನಿನ ಮೂರನೇ ತಲೆಮಾರು ಜರ್ಮನಿಯಲ್ಲಿ ರಸ್ತೆಗಿಳಿದದ್ದು 1979ರಲ್ಲಿ. ಒಳಗೆ ಮಂಚ, ಒಲೆ, ಸಿಂಕು ಕೂಡಿಸಿಕೊಂಡು ಓಡಾಡುವ ಮನೆಯೇ ಆದ ಆ ಕ್ಯಾಂಪರ್ ವ್ಯಾನುಗಳು ಯುರೋಪು, ಅಮೆರಿಕಗಳಲ್ಲಿ ಈಗಲೂ ಕಾಣಸಿಗುತ್ತವೆ. ಚಳಿಗಾಲ ಬಂತೆಂದರೆ ಅವುಗಳ ಒಡೆಯರನ್ನು ಕಾಡುವ ಕಾಟವೊಂದಿದೆ: ಹೀಟರಿನ ಸೋರಿಕೆ.

ಅದಕ್ಕೂ ಹಿಂದಿನ ವ್ಯಾನುಗಳಿಗೆ ಈ ತಲೆನೋವಿರಲಿಲ್ಲ. ಅವುಗಳ ಎಂಜಿನ್ನನ್ನು ತಣಿಸುತ್ತಿದ್ದುದು ಗಾಳಿ. ಸೋರುವುದಕ್ಕೆ ನೀರೇ ಇಲ್ಲ. ಒಳಗೆ ಬೆಚ್ಚಗಿರುತ್ತಿದ್ದುದೂ ಅಷ್ಟಕ್ಕಷ್ಟೇ ಅನ್ನಿ. 1982ರಲ್ಲಿ ಮೂರನೇ ತಲೆಮಾರಿನ ವ್ಯಾನಿಗೆ ನೀರಿನಿಂದ ತಣಿಯುವ ಪೆಟ್ರೋಲ್ ಎಂಜಿನ್ ಬಂತು. ಎಂಜಿನ್ ಹಿಂಬದಿಗೆ, ರೇಡಿಯೇಟರ್ ಮುಂಬದಿಗೆ. ನಡುವೆ ವ್ಯಾನಿನ ಹೊಟ್ಟೆಯಡಿ ಉದ್ದಕ್ಕೂ ಪೈಪು. ಎಂಜಿನ್ನಿನಿಂದ ಬರುವ ಬಿಸಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಡ್ಯಾಶ್‌ಬೋರ್ಡಿನ ಹಿಂದಿನ ಹೀಟರಿಗೂ, ಕೆಲವು ವ್ಯಾನುಗಳಲ್ಲಿ ಹಿಂದಿನ ಸೀಟಿನ ಕೆಳಗಿರುವ ಇನ್ನೊಂದು ಹೀಟರಿಗೂ ಹೋಗಿ ಬರುತ್ತದೆ. ಎಷ್ಟು ಜೋಡಣೆಯೋ ಅಷ್ಟು ರಬ್ಬರ್ ಹೋಸು, ಅಷ್ಟು ಕ್ಲಿಪ್ಪು.

ಸೋರಿಕೆಯ ಮೊದಲ ಸುಳಿವು ಸಿಗುವುದು ಮೂಗಿಗೆ. ಹೀಟರ್ ಹಾಕಿದೊಡನೆ ಸಿಹಿ ವಾಸನೆ. ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡು ಜಿಡ್ಡಾದ ಮಂಜು. ಅದು ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್. ನಾಲಿಗೆಗೂ ಸಿಹಿಯಾದ ಈ ವಿಷವನ್ನು ನೆಲದ ಮೇಲಿಂದ ನೆಕ್ಕಿ ನಾಯಿ, ಬೆಕ್ಕುಗಳು ಸಾಯುವುದುಂಟು.

ಇಷ್ಟಾದ ಮೇಲೆ ಹನಿ ಬಿದ್ದ ಜಾಗದ ಮೇಲಿನ ಹೋಸನ್ನೇ ಬದಲಿಸಿ ಕೈ ತೊಳೆದುಕೊಳ್ಳುವವರು ಬಹಳ. ಮರುದಿನ ಅದೇ ಜಾಗದಲ್ಲಿ ಮತ್ತೆ ಹನಿ! ಹಂಚಿನ ಮನೆಯಲ್ಲಿ ಹಂಚು ಒಡೆದದ್ದು ಒಂದು ಕಡೆ, ನೀರು ರೀಪಿನಗುಂಟ ಹರಿದು ತೊಟ್ಟಿಕ್ಕುವುದು ಇನ್ನೊಂದು ಕಡೆ; ಇಲ್ಲಿಯೂ ಹಾಗೆಯೇ. ಇದು ಸಾಲದೆಂಬಂತೆ, ಕೆಲವು ಸೋರಿಕೆಗಳಿಗೆ ಚಳಿಯೇ ಹೊತ್ತು. ತಣ್ಣಗಿದ್ದಾಗ ರಬ್ಬರ್ ಬಿರುಸಾಗಿ ಕುಗ್ಗುತ್ತದೆ, ಕ್ಲಿಪ್ಪಿನ ಹಿಡಿತ ಸಡಿಲವಾಗುತ್ತದೆ. ಬಿಸಿಯಾದಾಗ ರಬ್ಬರ್ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ವ್ಯಾನು ಗ್ಯಾರೇಜು ಮುಟ್ಟುವಷ್ಟರಲ್ಲಿ ಎಲ್ಲವೂ ಒಣಗಿ, ಮೆಕ್ಯಾನಿಕ್ಕಿಗೆ ಏನೂ ಕಾಣುವುದಿಲ್ಲ.

ಹೀಗಾಗಿ ಪಳಗಿದವರು ಎಂಜಿನ್ ತಣ್ಣಗಿರುವಾಗಲೇ ಕೈಪಂಪಿನಿಂದ ಒತ್ತಡ ಕೊಟ್ಟು, ಪಂಪಿನ ಒತ್ತಡಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಕಾಯುತ್ತಾರೆ. ಇಳಿದರೆ ಹಿಂದಿನ ಹೀಟರಿನ ಎರಡು ಹೋಸುಗಳನ್ನು ಕಳಚಿ ಒಂದಕ್ಕೊಂದು ಜೋಡಿಸುತ್ತಾರೆ. ಆಗ ಮುಳ್ಳು ನಿಂತರೆ ಕಳ್ಳ ಸೀಟಿನ ಕೆಳಗೇ ಇದ್ದಾನೆ. ಇಲ್ಲವಾದರೆ ಮುಂದಿನ ಹೀಟರಿನ ಸರದಿ. ಅದನ್ನು ಹೊರತೆಗೆಯಬೇಕೆಂದರೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು. ಕೂಲೆಂಟಿಗೆ ಸುರಿಯುವ, ಸೋರಿಕೆ ನಿಲ್ಲಿಸುವ ಪುಡಿಯ ಮೇಲೆ ಮನಸ್ಸು ಹೋಗುವುದು ಆಗಲೇ. ಆ ಪುಡಿ ತೂತನ್ನು ಮುಚ್ಚೀತು. ಆದರೆ ಹೀಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಂಡು ಬಿಸಿಗಾಳಿಗೇ ಸಂಚಕಾರ ತರುವುದುಂಟು.

ಹೊಸ ಹೋಸು, ಹೊಸ ಕ್ಲಿಪ್ಪು ಹಾಕಿದ ಮೇಲೂ ಕೆಲಸ ಉಳಿದಿರುತ್ತದೆ. ಅಷ್ಟುದ್ದದ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ ಕಾದು ಕೆಡುತ್ತದೆ. ಅದಕ್ಕೇ ವ್ಯಾನಿನ ಮುಂಭಾಗವನ್ನು ಜ್ಯಾಕ್ ಕೊಟ್ಟು ಎತ್ತಿ, ಎಂಜಿನ್ ಓಡಿಸುತ್ತ, ರೇಡಿಯೇಟರಿನ ಮೇಲ್ತುದಿಯ ತಿರುಪನ್ನು ಸಡಿಲಿಸುತ್ತಾರೆ. ಮೊದಲು ಬರುವುದು ಬುಸುಗುಟ್ಟುವ ಗಾಳಿ, ಆಮೇಲೆ ಗುಳ್ಳೆ. ಗುಳ್ಳೆಯಿಲ್ಲದ ಕೂಲೆಂಟ್ ಹರಿದಾಗ ತಿರುಪು ಬಿಗಿದು, ಹಿಂದೆ ಟ್ಯಾಂಕಿನಲ್ಲಿ ಇಳಿದಷ್ಟನ್ನು ಮತ್ತೆ ತುಂಬುತ್ತಾರೆ.