ಕೆಮ್ಮು ಬರುವ ಮೊದಲೇ ನುಂಗುವ ಮಾತ್ರೆ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಮೊದಲು ಒಬ್ಬ ಸಂಗಾತಿ ನನ್ನನ್ನು ಬದಿಗೆ ಕರೆದು ಕೇಳಿದರು: "ನಮ್ಮ ಪೈಕಿ ಒಬ್ಬನಿಗೆ ಎಚ್‌ಐವಿ ಇದೆ. ಅದರ ಮಾತ್ರೆ ತಪ್ಪದೆ ನುಂಗುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ, ಕೆಮ್ಮೂ ಇಲ್ಲ. ಆದರೂ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆ ಕೊಟ್ಟಿದ್ದಾರೆ. ಇಲ್ಲದ ರೋಗಕ್ಕೆ ಮದ್ದು ಯಾತಕ್ಕೆ?" ಆತ ಯಾರೆಂದು ನಾನು ಕೇಳಲಿಲ್ಲ. ಉತ್ತರವನ್ನು ಮಾತ್ರ ಎಲ್ಲರೆದುರು ಹೇಳುತ್ತೇನೆ.

ಕ್ಷಯದ ಕ್ರಿಮಿ ನಮ್ಮ ದೇಶದಲ್ಲಿ ಕೋಟ್ಯಂತರ ಜನರ ಎದೆಯಲ್ಲಿ ಮಲಗಿಕೊಂಡಿದೆ. ಗಾಳಿಯಾಡದ ಕೋಣೆಯಲ್ಲಿ ಆರೆಂಟು ಮಂದಿ ಮಲಗುವ ಕಡೆ ಒಬ್ಬ ರೋಗಿ ಕೆಮ್ಮಿದರೆ ಸಾಕು. ಆದರೆ ಕ್ರಿಮಿ ಹೊಕ್ಕ 100 ಮಂದಿಯಲ್ಲಿ ಆಯುಷ್ಯದಲ್ಲೊಮ್ಮೆ ರೋಗ ಬೀಳುವವರು 5ರಿಂದ 10 ಮಂದಿ. ಉಳಿದವರಲ್ಲಿ ರಕ್ತದ ಕಾವಲುಗಾರರು ಅದನ್ನು ಏಳಗೊಡುವುದಿಲ್ಲ. ಎಚ್‌ಐವಿ ಕೊಲ್ಲುವುದು ಈ ಕಾವಲುಗಾರರನ್ನೇ. ಲೋಕದಲ್ಲಿ ಎಚ್‌ಐವಿ ಇರುವವರನ್ನು ಅತಿ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿರುವ ರೋಗವೂ ಕ್ಷಯವೇ.

ಎಚ್‌ಐವಿ ಮಾತ್ರೆ ನುಂಗಿದರೆ ಸಾಲದೇ? ಅದು ಅಪಾಯವನ್ನು ಬಹಳ ತಗ್ಗಿಸುತ್ತದೆ, ತೊಡೆದುಹಾಕುವುದಿಲ್ಲ. ಆಫ್ರಿಕದ ಐವರಿ ಕೋಸ್ಟಿನಲ್ಲಿ ಎಚ್‌ಐವಿ ಇದ್ದ 2,000ಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳು ಐಸೋನಿಯಜಿಡ್ ನುಂಗಿದವರಲ್ಲಿ ಸಾವು ನೂರಕ್ಕೆ 37ರಷ್ಟು ಕಡಿಮೆ.

ಈ ಐಸೋನಿಯಜಿಡ್‌ನದು ಸ್ವಾರಸ್ಯದ ಕತೆ. 1912ರಲ್ಲಿ ಪ್ರಾಗ್ ನಗರದ ಇಬ್ಬರು ರಸಾಯನಶಾಸ್ತ್ರಜ್ಞರು ಅದನ್ನು ತಯಾರಿಸಿ ಬಿಟ್ಟಿದ್ದರು. ಉಪಯೋಗ ಯಾರಿಗೂ ತಿಳಿದಿರಲಿಲ್ಲ. ನಲವತ್ತು ವರ್ಷಗಳ ಮೇಲೆ, 1952ರ ವೇಳೆಗೆ, ಮೂರು ಕಂಪೆನಿಗಳು ಒಂದರ ಹಿಂದೊಂದು ಅದರ ಗುಣ ಕಂಡುಕೊಂಡವು. ವಸ್ತು ಹಳೆಯದಾದ್ದರಿಂದ ಪೇಟೆಂಟ್ ಯಾರ ಕೈಗೂ ದಕ್ಕಲಿಲ್ಲ. ಮದ್ದು ಅಗ್ಗವಾಗಿಯೇ ಉಳಿಯಿತು. ಬಡವನ ಪಾಲಿಗೆ ಹೀಗೂ ಒಮ್ಮೊಮ್ಮೆ ಆಗುವುದುಂಟು!

ಆದರೆ ಅಂಗಡಿಯಿಂದ ತಂದು ತಾನಾಗಿ ನುಂಗತಕ್ಕದ್ದಲ್ಲ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಮೊದಲು ಕ್ಷಯದ ಪರೀಕ್ಷೆಯಾಗಬೇಕು. ರೋಗ ಎದ್ದಮೇಲೆ ಈ ಒಂದೇ ಮದ್ದು ಕೊಟ್ಟರೆ ಕ್ರಿಮಿ ಅದಕ್ಕೆ ಬಗ್ಗದೆ ಬಲಿಯುತ್ತದೆ. ಕೈಕಾಲು ಜೋಮು ಹಿಡಿಯದಂತೆ ಬಿ6 ಮಾತ್ರೆ ಜೊತೆಗೆ ಕೊಡುತ್ತಾರೆ. ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಓಡಬೇಕು. ಹೆಂಡ ಕುಡಿಯುವವರಿಗೆ ಈ ಭಯ ಹೆಚ್ಚು.

ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ನಿಜ. ಆದರೆ ಅದನ್ನು ತರಲು ಹೋದ ದಿನದ ಕೂಲಿ? ಸಾಲಿನಲ್ಲಿ ಗುರುತಿನವರು ಕಂಡಾರೆಂಬ ಅಂಜಿಕೆ? ನನ್ನ ಅನುಭವದಲ್ಲಿ, ಮಾತ್ರೆ ನಡುವೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ. ಎಚ್‌ಐವಿ ಇದೆಯೆಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಅಂಗಡಿಯಲ್ಲಿ ಒಬ್ಬಿಬ್ಬರು ಆಳುಗಳನ್ನಿಟ್ಟುಕೊಂಡ ವರ್ತಕ ಮಿತ್ರರೂ ಇದನ್ನು ತಿಳಿದಿರಬೇಕು.

ಪ್ರಶ್ನೆ ಕೇಳಿದ ಸಂಗಾತಿಗೆ ಹೇಳುವುದಿಷ್ಟು: ನಿಮ್ಮ ಗೆಳೆಯ ಮಾತ್ರೆ ನುಂಗಲಿ. ಆತ ಆಸ್ಪತ್ರೆಗೆ ಹೋಗುವ ದಿನ ನೀವು ಪಾಳಿ ಬದಲಿಸಿಕೊಳ್ಳಿ. ಯಾಕೆಂದು ಮೇಸ್ತ್ರಿ ಕೇಳಿದರೆ, ಮನೆಯಲ್ಲಿ ಏನೋ ಕೆಲಸವಂತೆ ಎನ್ನಿ.