ಕೀಲುನೋವು: ಗುಳಿಗೆಯ ಜೊತೆ ಅರಿಶಿನ
(ಸಂಘದ ಬೆಳ್ಳಿ ಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಹಬ್ಬದಲ್ಲಿ ಔಷಧಿ ಅಂಗಡಿಯವರಿಗೇನು ಕೆಲಸ ಅಂತ ಕೆಲವರು ಕೇಳಬಹುದು. ಬೆಳಗ್ಗೆ ಡೈರಿಗೆ ಹಾಲು ಹಾಕಲು ಬರುವವರಲ್ಲಿ ಎಷ್ಟು ಮಂದಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾರೆ ನೋಡಿ. ವರ್ಷಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆದ ಮಂಡಿಗಳು ಅವು. ಅದಕ್ಕಾಗಿಯೇ ಈ ನಾಲ್ಕು ಮಾತು.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಹಿಂದೆ ಹಿರಿಯರೊಬ್ಬರು "ಆ ನೋವಿನ ಗುಳಿಗೆ ಕೊಡಪ್ಪಾ" ಎಂದಾಗಲೆಲ್ಲ ಡಾಕ್ಟರ ಚೀಟಿ ಕೇಳದೆ ಡೈಕ್ಲೋಫೆನಾಕ್ ಕೊಟ್ಟೆವು. ಅವರು ಖಾಲಿ ಹೊಟ್ಟೆಯಲ್ಲಿ ದಿನಾ ನುಂಗಿದರು. ಒಂದು ದಿನ ಮಲ ಟಾರಿನಂತೆ ಕಪ್ಪಗಾಯಿತು. ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಪುಣ್ಯಕ್ಕೆ ಜೀವ ಉಳಿಯಿತು. ಅಂದಿನಿಂದ ಚೀಟಿಯಿಲ್ಲದೆ ಆ ಗುಳಿಗೆ ಕೊಟ್ಟಿಲ್ಲ.

ನೋವು, ಊತ ತರುವ ರಾಸಾಯನಿಕವನ್ನು ಈ ಗುಳಿಗೆ ತಡೆಯುತ್ತದೆ. ಆದರೆ ಜಠರದ ಒಳಪದರವನ್ನು ಕಾಯುವುದೂ ಅದೇ ಜಾತಿಯ ರಾಸಾಯನಿಕ. ಹಾಗಾಗಿ ಮಂಡಿಗೆ ಹಿತ, ಹೊಟ್ಟೆಗೆ ಅಹಿತ. ಗುಳಿಗೆ ಕಡಿಮೆ ಮಾಡಲು ದಾರಿಯಿದೆಯೇ?

ನಮ್ಮ ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ಅಂಶವಿದೆ. ಅದು ಆಂಟಿಆಕ್ಸಿಡೆಂಟ್, ಊತವನ್ನೂ ತಗ್ಗಿಸುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಂಡಿ ಸವೆತದ 140 ಜನರಲ್ಲಿ ಕೆಲವರಿಗೆ ಡೈಕ್ಲೋಫೆನಾಕ್ ಮಾತ್ರ, ಉಳಿದವರಿಗೆ ಅದರ ಜೊತೆ ಕರ್ಕ್ಯುಮಿನ್ ಕೊಟ್ಟರು. ಎರಡನ್ನೂ ತೆಗೆದುಕೊಂಡವರಿಗೆ ನೋವು ಹೆಚ್ಚು ಇಳಿಯಿತು, ಹೊಟ್ಟೆಯುರಿ ಗುಳಿಗೆಯ ಅಗತ್ಯವೂ ಕಡಿಮೆಯಾಯಿತು. ಆದರೆ ಅದು 28 ದಿನದ ಲೆಕ್ಕ. ವರ್ಷಗಟ್ಟಲೆಗೆ ಅದನ್ನೇ ಸಾಕ್ಷಿ ಮಾಡಲಾಗದು.

"ಹಾಗಾದರೆ ಹಾಲಿಗೆ ಅರಿಶಿನ ಹಾಕಿ ಕುಡಿದರಾಯ್ತಲ್ಲ" ಅನ್ನಬೇಡಿ. ಅವರಿಗೆ ಕೊಟ್ಟದ್ದು 500 ಮಿಲಿಗ್ರಾಂ ಕ್ಯಾಪ್ಸೂಲ್. ನೂರು ಗ್ರಾಂ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಅದೂ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮೆಣಸಿನ ಪೈಪರಿನ್ ಜೊತೆಗಿದ್ದರೆ ಸುಮಾರು 20 ಪಟ್ಟು ಹೆಚ್ಚು ಸೇರುತ್ತದೆಂದು 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಅಡುಗೆಯ ಅರಿಶಿನ, ಮೆಣಸಿಗೆ ಹೆದರಬೇಕಿಲ್ಲ. ಆದರೆ ಇವೆರಡರ ಸತ್ವ ಸೇರಿಸಿದ ಕ್ಯಾಪ್ಸೂಲ್‌ನಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದೂ ಉಂಟು. ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಇನ್ನೊಂದು ಮಾತು, ತಾಯಂದಿರೇ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳು ಊದಿ, ಗಂಟೆಗಟ್ಟಲೆ ಮಡಚಲು ಬಾರದಿದ್ದರೆ ಅದು ಬರೀ ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಅರಿಶಿನ ನಂಬಿ ಅದನ್ನು ಬಿಟ್ಟರೆ ಕೀಲು ಸೊಟ್ಟಗಾಗುತ್ತದೆ, ಆಮೇಲೆ ನೆಟ್ಟಗಾಗದು.

ಸಹಕಾರವೆಂದರೆ ಒಬ್ಬರ ಹೆಗಲಿಗೆ ಇನ್ನೊಬ್ಬರು ಹೆಗಲು ಕೊಡುವುದು. ಅರಿಶಿನವೂ ಹಾಗೇ, ಗುಳಿಗೆಗೆ ಹೆಗಲು ಕೊಡಬಹುದು. ಅದರ ಜಾಗದಲ್ಲಿ ಕೂರಲಾರದು. ಮನೆಯಲ್ಲಿ ಏನೇನು ತಗೊಳ್ತೀರೋ ಎಲ್ಲವನ್ನೂ ಡಾಕ್ಟರ ಮುಂದೆ ಹೇಳಿ, ಮುಚ್ಚಿಡಬೇಡಿ. ಚೀಟಿ ಕೇಳಿದಾಗ ನಮ್ಮ ಮೇಲೆ ಬೇಸರ ಮಾಡಿಕೊಳ್ಳಬೇಡಿ.